ಹೆರಿಂಗ್ ತಿನ್ನಲು ಬಾರದವಳು

ಸಾಲಿನಲ್ಲಿ ತನಗಿಂತ ಮುಂದೆ ಒಂಬತ್ತು ಜನ ಇದ್ದಾರೆ ಎಂದು ಎಣಿಸಿಕೊಂಡಾಗ ಲೇನಾಳಿಗೆ ಒಳಗೊಳಗೇ ಸಮಾಧಾನವಾಯಿತು. ಒಂಬತ್ತು ಜನ ಎಂದರೆ ಕಡಿಮೆಯೆಂದರೂ ಕಾಲು ಗಂಟೆ. ಅಮ್ಮ ಮೀನನ್ನು ಮೊದಲೇ ಹಸನು ಮಾಡಿ ಜೋಡಿಸಿಟ್ಟು ಮಾರುವವಳಲ್ಲ. ಗಿರಾಕಿ ಗಾಡಿಯ ಮುಂದೆ ಬಂದು ನಿಂತ ಮೇಲೆಯೇ ಪೀಪಾಯಿಗೆ ಕೈ ಹಾಕುವವಳು. ಕಾಲು ಗಂಟೆಯಲ್ಲಿ ಮನುಷ್ಯ ಧೈರ್ಯ ತಂದುಕೊಳ್ಳಬಹುದು, ಸಾಲು ಬಿಟ್ಟು ಓಡಿಯೂ ಹೋಗಬಹುದು. ಬಂದ ಕೆಲಸ ಒಂದೇ ಒಂದು ಮಾತು ಆಡುವುದು. ಸರದಿ ಬಂದಾಗ ಗಾಡಿಯ ಮುಂದೆ ನಿಂತು, ಹಿಂದೆ ಮುಂದೆ ಇರುವವರಿಗೆಲ್ಲ ಕೇಳುವ ಹಾಗೆ 'ಅಮ್ಮ' ಎನ್ನುವುದು. ಐವತ್ತು ವರ್ಷದ ಹೆಂಗಸು, ಹೇಗ್ ನಗರದ ಸರ್ಕಾರಿ ಕಚೇರಿಯಲ್ಲಿ ಹನ್ನೆರಡು ಜನರ ಮೇಲೆ ಅಧಿಕಾರ ನಡೆಸುವವಳು, ಇಷ್ಟಕ್ಕಾಗಿ ಅರ್ಧ ದಿನ ರಜೆ ಹಾಕಿ ಟ್ರಾಮು ಹತ್ತಿ ಸಮುದ್ರದಂಡೆಯ ಸ್ಖೇವೆನಿಂಗೆನ್ನಿಗೆ ಬಂದಿದ್ದಾಳೆಂದರೆ ಯಾರಾದರೂ ನಕ್ಕಾರು. ಮನೆಯಲ್ಲಿ ಅಮ್ಮ ಎನ್ನುವುದಿಲ್ಲವೇ? ಅನ್ನುತ್ತಾಳೆ. ಪ್ರತಿ ಭಾನುವಾರ ಅಮ್ಮನ ಅಡಿಗೆಮನೆಯಲ್ಲಿ ಕಾಫಿ ಕುಡಿಯುವಾಗ ಹತ್ತು ಸಲ ಅನ್ನುತ್ತಾಳೆ. ಆ ಹತ್ತೂ ಲೆಕ್ಕಕ್ಕಿಲ್ಲ. ನಾಲ್ಕು ಜನರ ಎದುರು ಕಿತ್ತುಕೊಂಡದ್ದನ್ನು ನಾಲ್ಕು ಜನರ ಎದುರೇ ಹಿಂದಿರುಗಿಸಬೇಕು. ಬಾಗಿಲು ಹಾಕಿಕೊಂಡು ಕೊಟ್ಟರೆ ಅದು ಕೊಟ್ಟಂತಲ್ಲ. ಇದು ಅವಳಿಗೆ ತಿಳಿದು ಇಪ್ಪತ್ತಾರು ವರ್ಷವಾಯಿತು. ಇವತ್ತು ತಪ್ಪಿದರೆ ಇನ್ನಿಲ್ಲ. ಅಮ್ಮನ ಮಂಡಿ ಕೈಕೊಟ್ಟಿದೆ. ನಾಳೆಯಿಂದ ಗಾಡಿ ಅಮ್ಮನ ತಂಗಿಯ ಅಳಿಯನದು. ಅವನ ಗಾಡಿಯ ಮುಂದೆ ನಿಂತು ಯಾರನ್ನು ಅಮ್ಮ ಎನ್ನುವುದು?

ಜೂನ್ ತಿಂಗಳ ಮಧ್ಯಾಹ್ನ. ಬಿಸಿಲಿತ್ತು, ಆದರೆ ಸಮುದ್ರದ ಗಾಳಿ ಬಿಸಿಲನ್ನು ಮೈಗೆ ತಾಗಲು ಬಿಡುತ್ತಿರಲಿಲ್ಲ. ಈ ವರ್ಷದ ಮೊದಲ ಹೆರಿಂಗ್ ಮೀನು ಬಂದು ಮೂರು ದಿನವಾಗಿತ್ತಷ್ಟೆ. ಗಾಡಿಯ ನಾಲ್ಕು ಮೂಲೆಗೂ ಪುಟ್ಟ ಬಾವುಟ ಸಿಕ್ಕಿಸಿದ್ದರು. ಮೇಲಿನ ಬಟ್ಟೆಯ ಚಪ್ಪರದ ಮೇಲೆ ಕಡಲಕ್ಕಿಗಳು ಸಾಲ ವಸೂಲಿಗೆ ಬಂದವರ ಹಾಗೆ ಕೂತಿದ್ದವು. ಲೇನಾಳ ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಅಮ್ಮನ ಬೀದಿಯವರೇ, ಅಕ್ಕತಂಗಿಯರು. ಅವಳು ಬಂದು ನಿಂತಾಗ ಇಬ್ಬರೂ ಒಮ್ಮೆ ತಿರುಗಿ ನೋಡಿದರು, ಗುರುತು ಸಿಕ್ಕಿತು, ಮತ್ತೆ ಮುಂದಕ್ಕೆ ತಿರುಗಿಕೊಂಡರು. ಮಾತಿಲ್ಲ, ಒಂದು ನಗೆಯಿಲ್ಲ. ಭಾನುವಾರ ಬೀದಿಯಲ್ಲಿ ಎದುರಾದರೆ ಇದೇ ಹೆಂಗಸರು ನಿಲ್ಲಿಸಿಕೊಂಡು, ಚಳಿ, ಸಂಧಿವಾತ, ಹೊಸ ಪಾದ್ರಿಯ ಹೆಂಡತಿಯ ಟೋಪಿ ಎಲ್ಲವನ್ನೂ ಹೇಳಿ ಮುಗಿಸದೆ ಬಿಡುವವರಲ್ಲ. ಅಸಡ್ಡೆಯಿಂದ ತಿರುಗಿಕೊಂಡದ್ದಲ್ಲ ಅದು. ಮರ್ಯಾದೆ. ಗಾಡಿಯ ಹತ್ತಿರ ಲೇನಾ ಮೀನು ಮಾರುವ ಆರಿಯ ಮಗಳಲ್ಲ ಎಂಬುದನ್ನು ಬೀದಿಗೆ ಬೀದಿಯೇ ಎಂದೋ ಕಲಿತುಕೊಂಡಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಿಕೊಟ್ಟಿರಲಾರರು. ಅಮ್ಮ ಹೇಗೆ ನಡೆದುಕೊಂಡಳೋ ಹಾಗೆ ಎಲ್ಲರೂ ನಡೆದುಕೊಂಡರು. ಲೇನಾಳಿಗೆ ಆ ಅಕ್ಕತಂಗಿಯರ ಬೆನ್ನು ನೋಡುತ್ತ ನಿಂತಾಗ, ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ಆರಿ ಚಿಕ್ಕಮ್ಮ, ನಾಳೆಯಿಂದ ನಾವೇನು ಉಪವಾಸ ಸಾಯಬೇಕಾ?" ಗಾಡಿಯ ಪಕ್ಕಕ್ಕೆ ಒರಗಿ ನಿಂತಿದ್ದ ಟ್ಯೂನಿಸ್ ಕೇಳುತ್ತಿದ್ದ. ದೋಣಿ ಬಿಟ್ಟು ಹದಿನೈದು ವರ್ಷವಾದರೂ ನೀಲಿ ಅಂಗಿ ಬಿಡದ ಮುದುಕ. ಬೆಳಿಗ್ಗೆ ಬಂದವನು ಗಾಡಿ ಮುಚ್ಚುವ ತನಕ ಅಲ್ಲಿಯೇ.

"ಸಾಯಿ. ಆದ್ರೆ ನಿನ್ನ ಹೊಟ್ಟೆ ನೋಡಿದ್ರೆ ಕ್ರಿಸ್‌ಮಸ್ ತನಕ ಜೀವ ಹೋಗೋ ಹಾಗೆ ಕಾಣಲ್ಲ," ಎಂದಳು ಅಮ್ಮ.

"ಆ ಹುಡುಗನ ಕೈಲಿ ಮೀನು ಮೀನಿನ ಹಾಗಿರತ್ತಾ? ಮುಳ್ಳಲ್ಲೇ ಅರ್ಧ ಮಾಂಸ ಬಿಡ್ತಾನೆ."

"ಹುಡುಗ ಅಂತೀಯಲ್ಲ, ಅವನಿಗೆ ನಲವತ್ತೆರಡು. ನಿನ್ನ ಬಾಯಿಗೆ ಮುಳ್ಳು ಸಿಕ್ಕಿದ್ರೆ ಊರಿಗಾದ್ರೂ ನೆಮ್ಮದಿ."

ಸಾಲು ನಕ್ಕಿತು. ಲೇನಾ ಮೊದಲ ಬಾರಿಗೆ ತಲೆ ಎತ್ತಿ ಅಮ್ಮನನ್ನು ನೋಡಿದಳು. ಎಪ್ಪತ್ತೆಂಟರ ಮುದುಕಿ. ಈಗ ಊರಲ್ಲಿ ಬೆರಳೆಣಿಕೆಯ ಹೆಂಗಸರು ಮಾತ್ರ ಉಡುವ ಕಪ್ಪು ಲಂಗ, ಹೆಗಲ ಮೇಲೆ ತಿಳಿನೀಲಿ ಶಾಲು, ಬಿಳಿ ಟೋಪಿ, ಟೋಪಿಗೆ ಎರಡು ಬಂಗಾರದ ಸೂಜಿ. ಮುಖ ಸುಕ್ಕಾಗಿತ್ತು, ಬೆನ್ನು ಬಾಗಿತ್ತು, ಆದರೆ ಕೈ ಮಾತ್ರ ಇನ್ನೂ ನಲವತ್ತರದು. ಗಿಡ್ಡ ಚೂರಿಯಿಂದ ತಲೆ ಹಾರಿಸಿ, ಹೊಟ್ಟೆ ಸೀಳಿ, ಕರುಳು ಎಳೆದು, ತೊಗಲು ಸುಲಿದು, ನಡುಮುಳ್ಳನ್ನು ಉದ್ದಕ್ಕೆ ಎತ್ತಿ ತೆಗೆದರೆ ಬಾಲವೊಂದರಲ್ಲಿ ಕೂಡಿಕೊಂಡ ಎರಡು ಹೋಳು ಉಳಿಯಬೇಕು. ಇಷ್ಟಕ್ಕೆ ಅಮ್ಮನಿಗೆ ಬೇಕಾದದ್ದು ಉಸಿರು ಒಮ್ಮೆ ತೆಗೆದು ಬಿಡುವಷ್ಟು ಹೊತ್ತು. ಇಪ್ಪತ್ತಾರು ವರ್ಷದ ಹಿಂದೆ ಲೇನಾ ನೋಡುತ್ತ ನಿಂತದ್ದು ಈ ಕೈಯನ್ನೇ, ಮುಖ ನೋಡಲಾರದೆ. ಅಂದೂ ಜೂನ್. ಕಚೇರಿ ಸೇರಿ ಐದು ತಿಂಗಳು. ಮುಖ್ಯಸ್ಥ ವಾನ್ ಹಾಫ್ಟೆನ್ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು, "ಏಳಿ, ಹೊಸ ಹೆರಿಂಗ್ ಬಂದಿದೆ, ಇವತ್ತು ನನ್ನ ಲೆಕ್ಕದಲ್ಲಿ," ಎಂದು ನಾಲ್ಕು ಜನರನ್ನು ಟ್ರಾಮಿಗೆ ಹತ್ತಿಸಿದ. ಬಂದರಿನ ಪಕ್ಕದ ಅಂಗಡಿಗೆ ಇರಬೇಕು ಎಂದುಕೊಂಡಿದ್ದಳು. ಟ್ರಾಮು ಇಳಿದು ಅವನು ಎಡಕ್ಕೆ ತಿರುಗಿದಾಗ ಅವಳು ಎಲ್ಲರಿಗಿಂತ ಹಿಂದೆ ಉಳಿದಳು. "ಊರಿಗೆಲ್ಲ ಒಳ್ಳೆ ಮೀನು ಈ ಹೆಂಗಸಿನ ಹತ್ತಿರ ಸಿಗೋದು," ಎನ್ನುತ್ತ ನೇರ ಈ ಗಾಡಿಗೇ ಬಂದ.

ತಾನು ಜ್ವೊಲ್ಲೆ ಕಡೆಯವಳು ಎಂದು ಕಚೇರಿಯಲ್ಲಿ ಹೇಳಿದ್ದಳು. ಸಮುದ್ರದಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದೆಂದು ನಕಾಶೆ ನೋಡಿ ಆರಿಸಿಕೊಂಡ ಊರು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಹೇಳಿದ್ದು. ಶಾಲೆಯಲ್ಲಿ ಪಕ್ಕದ ಬೆಂಚಿನ ಹುಡುಗಿ, ಇವಳು ಬಂದು ಕೂತ ಕೂಡಲೇ ಎದ್ದು ಕಿಟಕಿ ತೆರೆಯುತ್ತಿದ್ದಳು. ಒಂದು ಮಾತು ಆಡುತ್ತಿರಲಿಲ್ಲ, ಮೂಗು ಮುಚ್ಚುತ್ತಿರಲಿಲ್ಲ, ಕಿಟಕಿ ಮಾತ್ರ. ಹಿಮ ಬೀಳುತ್ತಿದ್ದರೂ ತೆರೆಯುತ್ತಿದ್ದಳು. ಉಳಿದ ಮಕ್ಕಳು ನಡುಗುತ್ತ ಇವಳ ಕಡೆ ನೋಡುತ್ತಿದ್ದರು, ಚಳಿ ಇವಳ ಮನೆಯಿಂದಲೇ ಬಂದಿದೆ ಎನ್ನುವ ಹಾಗೆ. ಕಚೇರಿಯ ಮೊದಲ ದಿನ ಯಾರೋ ಹೀಟರಿನ ಸೆಕೆಗೆ ಕಿಟಕಿ ತೆರೆದಾಗ ಲೇನಾಳ ಬಾಯಿ ತಾನೇ ತೆರೆದುಕೊಂಡಿತ್ತು: "ನಾವು ಜ್ವೊಲ್ಲೆ ಕಡೆಯವರು." ನೆಪ ಬೇಕಾದವರಿಗೆ ಇದೂ ಒಂದು ನೆಪ. ಎಷ್ಟೋ ಜನರ ಬೆಂಚಿನ ಪಕ್ಕದಲ್ಲಿ ಕಿಟಕಿ ತೆರೆದಿದ್ದಾರು, ಎಲ್ಲರೂ ತಾಯಿಯನ್ನು ಅಲ್ಲಗಳೆದಿದ್ದಾರೆಯೇ?

"ಏನ್ರೀ, ಈಕೆ ಹೆರಿಂಗ್ ಕಣ್ಣಿಂದ ನೋಡಿದ್ದೇ ಇವತ್ತು," ಎಂದಿದ್ದ ವಾನ್ ಹಾಫ್ಟೆನ್, ಲೇನಾಳನ್ನು ಭುಜ ಹಿಡಿದು ಮುಂದೆ ತಳ್ಳಿ. "ಒಂದು ಒಳ್ಳೆ ಮೀನು ಕೊಟ್ಟು ದೀಕ್ಷೆ ಕೊಟ್ಬಿಡಿ."

ಅಮ್ಮ ನೋಡಿದಳು. ಬೆಳಿಗ್ಗೆ ಏಳು ಗಂಟೆಗೆ ತಾನೇ ಬ್ರೆಡ್ಡು ಕಟ್ಟಿಕೊಟ್ಟು, ಕೋಟಿನ ಕಾಲರು ಸರಿಮಾಡಿ ಕಳಿಸಿದ್ದ ಮಗಳನ್ನು ನೋಡಿದಳು, ಭುಜದ ಮೇಲಿನ ಆ ಕೈ ನೋಡಿದಳು, ಸುತ್ತ ನಿಂತವರ ಬೂಟು ನೋಡಿದಳು. ಒಂದು ಕ್ಷಣವೂ ಆಗಿರಲಿಕ್ಕಿಲ್ಲ.

"ಮೊದಲ ಸಲಾನಾ ಮೇಡಂ?"

"ಹೌದು," ಎಂದಳು ಲೇನಾ. ಒಂದು ಅಕ್ಷರ ತೊದಲಲಿಲ್ಲ.

ಅಮ್ಮ ಪೀಪಾಯಿಯೊಳಗೆ ಮೊಣಕೈ ತನಕ ತೋಳಿಳಿಸಿದಳು. ಒಂದು ಮೀನು ಸರಿಸಿದಳು, ಇನ್ನೊಂದು ಸರಿಸಿದಳು, ಮೂರನೆಯದನ್ನೂ ಬಿಟ್ಟು ತಳದಿಂದ ಒಂದನ್ನು ಎತ್ತಿದಳು. ಹಾಗೆ ಹುಡುಕಿ ತೆಗೆಯುವುದು ಯಾವುದಕ್ಕೆಂದು ಅಲ್ಲಿದ್ದವರಲ್ಲಿ ಲೇನಾಳೊಬ್ಬಳಿಗೇ ಗೊತ್ತು. ಕೊಬ್ಬು ಕಟ್ಟಿದ ಮೀನು ಬೆರಳಿಗೆ ಜಾರುತ್ತದೆ, ಅಮ್ಮ ಅದನ್ನು ಮನೆಗೆಂದು ತೆಗೆದಿಡುತ್ತಿದ್ದಳು. ಹಸನು ಮಾಡಿ ಕೊಟ್ಟಾಗ ಲೇನಾ ಅದನ್ನು ತಲೆಯ ಕಡೆಯಿಂದ ಹಿಡಿದಳು. ಆ ಊರಲ್ಲಿ ಹಾಲುಹಲ್ಲಿನ ಕೂಸೂ ಮಾಡದ ತಪ್ಪು ಅದು. ಎರಡು ಹೋಳೂ ಬೇರೆಬೇರೆಯಾಗಿ ಜೋತಾಡಿದವು, ಎಣ್ಣೆ ಕೋಟಿನ ತೋಳಿಗೆ ಇಳಿಯಿತು. ಬೇಕೆಂದೇ ಹಾಗೆ ಹಿಡಿದಿದ್ದಳು. ನಂಬಿಸುವುದಕ್ಕೆ ಅಷ್ಟೂ ಮಾಡಿದಳು, ಅದು ಅವಳಿಗೆ ಇವತ್ತಿಗೂ ಅರಗಿಲ್ಲ.

"ಅಲ್ಲ ಮೇಡಂ, ಹಾಗಲ್ಲ. ಬಾಲ ಹಿಡ್ಕೊಳ್ಳಿ. ಹಾಂ. ಈಗ ತಲೆ ಹಿಂದಕ್ಕೆ. ಹೆದರಬೇಡಿ, ಕಚ್ಚಲ್ಲ ಅದು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಗಳಿಗೆ ಹಲ್ಲು ಹುಟ್ಟುವ ಮೊದಲೇ ಬೆರಳಿಗೆ ಹೆರಿಂಗ್ ಎಣ್ಣೆ ಸವರಿ ಚೀಪಿಸಿದವಳು, ಅವಳಿಗೇ ಮೀನು ತಿನ್ನುವುದನ್ನು ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು. ಅಷ್ಟು ರುಚಿಯ ಮೀನನ್ನು ಲೇನಾ ಮನೆಯಲ್ಲೂ ತಿಂದಿರಲಿಲ್ಲ. ಬೆಣ್ಣೆಯ ಹಾಗೆ ಕರಗಿತು. ಆದರೂ ಮುಖ ಕಿವುಚಿ, "ಇಶ್ಶಿ, ಹಸಿ ಮೀನು!" ಎಂದಳು. ಆಗ ಇದೇ ಟ್ಯೂನಿಸ್, ಗಡ್ಡ ಇನ್ನೂ ಕೆಂಪಗಿದ್ದ ಟ್ಯೂನಿಸ್, ಇಲ್ಲೇ ಒರಗಿ ನಿಂತಿದ್ದ. ಜಗಿಯುತ್ತಿದ್ದವನು ನಿಲ್ಲಿಸಿ ಅಮ್ಮನ ಮುಖ ನೋಡಿದ, ಆಮೇಲೆ ಬೂಟಿನ ದಾರ ಬಿಗಿಯಲು ಬಗ್ಗಿದ. ಆ ಬೂಟಿಗೆ ದಾರವೇ ಇರಲಿಲ್ಲ.

ಸಂಜೆ ಮನೆಗೆ ಹೋಗಲು ಅವಳ ಕಾಲು ಬರಲಿಲ್ಲ. ಹೋದಾಗ ಅಮ್ಮ ಆಲೂಗಡ್ಡೆ ಸುಲಿಯುತ್ತಿದ್ದಳು. ಬೈಗುಳ ಬರಲಿಲ್ಲ, ಕಣ್ಣೀರು ಬರಲಿಲ್ಲ. "ಕೋಟು ತಾ, ತೋಳಿಗೆ ಎಣ್ಣೆ ಆಗಿದೆಯಲ್ಲ, ಒಣಗೋಕೆ ಮುಂಚೆ ಒರೆಸ್ತೀನಿ," ಎಂದಳು, ಅಷ್ಟೇ. ಮುಂದಿನ ಭಾನುವಾರ ಚರ್ಚಿನಲ್ಲಿ, ಗುರು ಯಾರೋ ತನಗೆ ಗೊತ್ತೇ ಇಲ್ಲ ಎಂದು ಕೋಳಿ ಕೂಗುವ ಮೊದಲೇ ಮೂರು ಸಲ ಹೇಳಿದ ಶಿಷ್ಯನ ಪ್ರಸಂಗವನ್ನು ಪಾದ್ರಿ ಹೇಳುತ್ತಿದ್ದಾಗ ಲೇನಾ ಕುತ್ತಿಗೆಯ ತನಕ ಬೆವತಳು. ಆ ಶಿಷ್ಯನನ್ನಾದರೂ ಕೋಳಿ ಕೂಗಿ ಎಚ್ಚರಿಸಿತು. ಇವಳನ್ನು ಎಚ್ಚರಿಸಿದ್ದು ಅಂದು ವಾಪಸು ಹೊರಟ ಟ್ರಾಮಿನ ಗಂಟೆ. ಪಾದ್ರಿ ಕೋಳಿ ಕೂಗಿದ್ದನ್ನು ಹೇಳುವ ಗಳಿಗೆಗೆ ಸರಿಯಾಗಿ ಅಮ್ಮ ತಿರುಗಿಯೂ ನೋಡದೆ ಅವಳ ಕೈಗೆ ಒಂದು ಪೆಪ್ಪರ್‌ಮಿಂಟು ಜಾರಿಸಿದಳು. ಮನೆಗೆ ಬರುವಾಗ, "ಪಾದ್ರಿಗಳು ಇವತ್ತು ಸ್ವಲ್ಪ ಉದ್ದ ಎಳೆದರು," ಎಂದಳು. ಅದಾದ ಮೇಲೆ ಗಾಡಿಯ ಕಡೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ಲೇನಾ ಹೆರಿಂಗ್ ಮುಟ್ಟಲಿಲ್ಲ. ಕಚೇರಿಯ ಔತಣಗಳಲ್ಲಿ ತಟ್ಟೆ ಬಂದರೆ, "ನನಗೆ ಒಗ್ಗಲ್ಲ," ಎನ್ನುತ್ತಿದ್ದಳು. ವಾನ್ ಹಾಫ್ಟೆನ್ ನಿವೃತ್ತನಾದ ದಿನ ಕೂಡ ಕೈಯಲ್ಲಿ ಗ್ಲಾಸು ಹಿಡಿದು ಅದೇ ಕತೆಯನ್ನು ಹೇಳಿ ಎಲ್ಲರನ್ನೂ ನಗಿಸಿದ. ತಲೆ ಕಡೆಯಿಂದ ಹಿಡಿದಳು ಎನ್ನುವಲ್ಲಿ ಎಲ್ಲರಿಗೂ ಜಾಸ್ತಿ ನಗು.

"ಕ್ಷಮಿಸಿ ಮೇಡಂ, ಇದನ್ನ ತಿನ್ನೋದು ಹೇಗೆ?"

ಲೇನಾ ಬೆಚ್ಚಿದಳು. ಅವಳ ಮುಂದೆ ಈಗ ನಾಲ್ಕೇ ಜನ. ಹಿಂದೆ ನಿಂತವನು ಮೂವತ್ತೈದರ ಗಂಡಸು, ಬೂದು ಸೂಟು, ಟೈ, ಕಂಕುಳಲ್ಲಿ ಚರ್ಮದ ಫೈಲು.

"ನಾನು ವೆನ್ಲೋದವನು, ಸಮುದ್ರ ಕಾಣದ ಕಡೆ," ಎಂದ ಅವನು, ತಪ್ಪು ಒಪ್ಪಿಕೊಳ್ಳುವವನಂತೆ. "ಹೇಗ್‌ನಲ್ಲಿ ಒಂದು ಕೆಲಸ ಇತ್ತು. ಇಲ್ಲಿ ತನಕ ಬಂದು ಹೆರಿಂಗ್ ತಿನ್ನದೆ ಹೋದ್ರೆ ಹೆಂಡತಿ ಮನೆಗೆ ಸೇರಿಸಲ್ಲ. ಆದ್ರೆ ನಮ್ಮ ಕಡೆ ಮೀನು ಅಂದ್ರೆ ಕರಿದದ್ದು. ಇದನ್ನ ಬೇಯಿಸೋದೇ ಇಲ್ವಂತಲ್ಲ?"

"ಉಪ್ಪಲ್ಲಿ ಹದ ಆಗಿರತ್ತೆ. ಹಸಿ ಅಲ್ಲ," ಎಂದಳು ಲೇನಾ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಬಾಲ ಹಿಡ್ಕೊಳ್ಳಿ. ಮೊದಲು ಈರುಳ್ಳಿ ಮೇಲೆ ಹೀಗೆ ಒಂದು ಸಲ ಒತ್ತಿ. ಆಮೇಲೆ ತಲೆ ಹಿಂದಕ್ಕೆ ಹಾಕಿ, ಕೆಳಗಿಂದ ಮೇಲಕ್ಕೆ." ಕೈಚೀಲವನ್ನು ಮೊಣಕೈಗೆ ಏರಿಸಿಕೊಂಡು, ಗಾಳಿಯಲ್ಲಿ ಇಲ್ಲದ ಮೀನನ್ನು ಎತ್ತಿ ಹಿಡಿದು, ಕತ್ತು ಹಿಂದಕ್ಕೆ ಹಾಕಿ ತೋರಿಸಿದಳು. ಅವನೂ ಹಾಗೇ ಮಾಡಿದ. ಟೈ ಗಾಳಿಗೆ ಹಾರಿ ಬಾಯಿಗೆ ಬಂತು.

"ಅದನ್ನಲ್ಲ ತಿನ್ನೋದು," ಎಂದಳು ಲೇನಾ. ಇಬ್ಬರೂ ನಕ್ಕರು. ಎಷ್ಟು ಹಗುರವಾಗಿತ್ತು ಆ ನಗು.

"ನೀವು ಇಲ್ಲಿಯವರೇ ಏನು?"

"ಹೌದು. ಇದೇ ಊರು. ಹುಟ್ಟಿದ್ದು ಬೆಳೆದದ್ದು ಎಲ್ಲ."

ಹೇಳಿಬಿಟ್ಟಳು. ಆಕಾಶ ಕಳಚಿ ಬೀಳಲಿಲ್ಲ. ಆ ಮುದುಕಿ ನನ್ನ ತಾಯಿ ಎಂದೂ ಹೇಳಿಬಿಡುತ್ತಿದ್ದಳು, ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತು ಮೊದಲು ಅಮ್ಮನಿಗೇ ಸಲ್ಲಬೇಕು ಎಂದು ನುಂಗಿಕೊಂಡಳು. ಅವನು, "ಹಾಗಾದ್ರೆ ನಿಮ್ಮ ಬೆನ್ನು ಬಿಡಲ್ಲ, ನೀವು ತಿಂದ ಹಾಗೇ ತಿಂತೀನಿ," ಎಂದು ಇನ್ನೂ ಹತ್ತಿರ ಬಂದು ನಿಂತ. ಅವಳು ತಲೆಯಾಡಿಸಿ ಮುಂದೆ ತಿರುಗಿದಾಗ ಅಮ್ಮ ಇತ್ತ ಕಡೆಯೇ ನೋಡುತ್ತಿದ್ದಳು. ಕಣ್ಣು ಸೇರಿದವೋ ಇಲ್ಲವೋ. ಅಮ್ಮ ಕೈ ಒರೆಸಿಕೊಂಡು ಟೋಪಿ ನೇರ ಮಾಡಿಕೊಂಡಳು, ಶಾಲು ಎಳೆದು ಸರಿಮಾಡಿಕೊಂಡಳು. ನನಗಾಗಿ, ಎಂದುಕೊಂಡಳು ಲೇನಾ. ನಾನು ಬಂದದ್ದಕ್ಕೆ. ಎಷ್ಟು ಸುಲಭದ ಕೆಲಸಕ್ಕೆ ಎಷ್ಟು ವರ್ಷ ತೆಗೆದುಕೊಂಡೆ ಎಂದು ತನ್ನನ್ನೇ ಬೈದುಕೊಂಡಳು. ಅಕ್ಕತಂಗಿಯರು ತಮ್ಮ ಮೀನು ತೆಗೆದುಕೊಂಡು ಪಕ್ಕಕ್ಕೆ ಸರಿದು, ಇವಳ ಕಡೆ ನೋಡದೆ ತಿನ್ನಲು ನಿಂತರು.

ಗಾಡಿಯ ಮುಂದೆ ಈಗ ಅವಳೇ. ಹಲಗೆಯ ಮೇಲೆ ಉಪ್ಪುನೀರು, ಮೀನಿನ ಬೆಳ್ಳಗಿನ ಹುರುಪೆ, ಕತ್ತರಿಸಿದ ಈರುಳ್ಳಿಯ ಬಟ್ಟಲು.

"ಅಮ್ಮ," ಎಂದಳು.

ಬೇಕಾದ್ದಕ್ಕಿಂತ ಜೋರಾಗಿ ಬಂತು, ಕಚೇರಿಯಲ್ಲಿ ಕೈಕೆಳಗಿನವರನ್ನು ಕರೆಯುವ ದನಿ. ಸಾಲಿನಲ್ಲಿ ಎಲ್ಲರಿಗೂ ಕೇಳಿಸಿತು. ಆ ಊರಲ್ಲಿ ವಯಸ್ಸಾದ ಹೆಂಗಸನ್ನು ಚಿಕ್ಕಮ್ಮ ಎನ್ನುತ್ತಾರೆ, ಅಜ್ಜಿ ಎನ್ನುತ್ತಾರೆ. ಅಮ್ಮ ಎಂದು ಹೆತ್ತವಳನ್ನಲ್ಲದೆ ಇನ್ನೊಬ್ಬರನ್ನು ಯಾರೂ ಕರೆಯುವುದಿಲ್ಲ. ಅಕ್ಕತಂಗಿಯರ ಕೈ ಅರ್ಧದಲ್ಲಿ ನಿಂತಿತು. ಟ್ಯೂನಿಸ್ ಜಗಿಯುವುದನ್ನು ಬಿಟ್ಟ. ಅಮ್ಮನ ಮುಖದಲ್ಲಿ ಏನೋ ಒಂದು, ಬಾಗಿಲು ತೆರೆದಾಗ ಒಳಗಿನ ದೀಪ ಕಂಡ ಹಾಗೆ, ಕಂಡಿತು. ಲೇನಾ ಅದನ್ನು ನೋಡಿದಳು, ಖಂಡಿತ ನೋಡಿದಳು. ಮರುಗಳಿಗೆ ಅಮ್ಮನ ಕಣ್ಣು ಅವಳ ಭುಜ ದಾಟಿ ಹಿಂದಕ್ಕೆ ಹೋಯಿತು. ಸೂಟು ನೋಡಿತು, ಟೈ ನೋಡಿತು, ಚರ್ಮದ ಫೈಲು ನೋಡಿತು, ಮಗಳ ಕಚೇರಿಯವನೆಂದು ಲೆಕ್ಕ ಹಾಕಿತು. ಬಾಗಿಲು ಮುಚ್ಚಿತು. ಅಮ್ಮನೇ ಮುಚ್ಚಿದಳು.

"ನೋಡಿದ್ರಾ ಸಾರ್," ಎಂದು ನಕ್ಕಳು ವೆನ್ಲೋದವನ ಕಡೆಗೆ. "ಇಲ್ಲಿ ಬರೋರೆಲ್ಲ ನನ್ನನ್ನ ಅಮ್ಮ ಅಂತಾನೇ ಕರೆಯೋದು. ವಯಸ್ಸಾಯ್ತಲ್ಲ. ಇಬ್ಬರಿಗೂ ಒಂದೊಂದಾ?"

"ಹೂಂ, ಒಂದೊಂದು," ಎಂದ ಅವನು.

"ಅಮ್ಮ, ಅಲ್ಲ, ಇವರು…" ಎಂದು ಲೇನಾ ಶುರುಮಾಡಿದಳು.

"ಹೌದು ಸಾರ್!" ಎಂದು ಟ್ಯೂನಿಸ್ ಗಾಡಿಗೆ ಒರಗಿದ್ದವನು ನೆಟ್ಟಗಾದ. ಎಪ್ಪತ್ತು ದಾಟಿದ ಆ ಮುದುಕ ಅಷ್ಟು ಅವಸರದಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. "ನಾವೆಲ್ಲ ಹಾಗೇ ಕರೆಯೋದು. ಅಲ್ವಾ ಅಮ್ಮ?" ಅಕ್ಕತಂಗಿಯರಲ್ಲಿ ದೊಡ್ಡವಳು ಬಾಯಿಯ ಮೀನು ನುಂಗಿ, "ಮತ್ತಿನ್ನೇನು, ಊರಿಗೆಲ್ಲ ಅಮ್ಮನೇ," ಎಂದಳು, ಲೇನಾಳ ಕಡೆ ನೋಡಿ, ಮೊದಲ ಸಲ ಒಂದು ಸಣ್ಣ ನಗೆ ನಕ್ಕಳು. ಕಾಪಾಡಿದೆವು, ಹೆದರಬೇಡ ಎನ್ನುವ ನಗೆ.

ಒಂದು ಮಾತು ಸಾಕಿತ್ತು. ಈತ ನನಗೆ ಯಾರೋ, ನಾನು ಈಕೆಯ ಮಗಳು, ಎಂದುಬಿಡಬಹುದಿತ್ತು. ಆದರೆ ಹಾಗೆ ಅಂದರೆ ಈಗ ಸುಳ್ಳುಗಾತಿಯಾಗುವವಳು ಅಮ್ಮ, ತನ್ನ ಗಾಡಿಯ ಕಡೆಯ ದಿನ, ಇಷ್ಟು ಜನರೆದುರು. ಅವಳ ಜೊತೆ ಈ ಮುದುಕ, ಈ ಹೆಂಗಸರು. ಇವಳಿಗಾಗಿ ಇಪ್ಪತ್ತಾರು ವರ್ಷ ಹೊತ್ತದ್ದನ್ನು ಬೇಡವಾಗಿತ್ತು ಎಂದು ಅವರ ಮುಖಕ್ಕೆ ಎಸೆದಂತಾಗುತ್ತದೆ. ಲೇನಾ ನಿಂತೇ ಇದ್ದಳು. ಚೂರಿ ಆಡಿತು, ಮುಳ್ಳು ಎದ್ದು ಬಂತು. ಮೀನನ್ನು ಚಾಚುತ್ತ ಅಮ್ಮ ಹಲಗೆಯ ಮೇಲೆ ಬಗ್ಗಿದಳು. ಅವಳ ಉಸಿರು ಕೆನ್ನೆಗೆ ತಾಗಿತು.

"ಹೆದರಬೇಡ ಮಗು," ಎಂದಳು ತುಟಿ ಅಲ್ಲಾಡಿಸದೆ. "ಅವರಿಗೆ ಗೊತ್ತಾಗಿಲ್ಲ."

ಲೇನಾ ಬಾಲ ಹಿಡಿದಳು. ತಲೆ ಹಿಂದಕ್ಕೆ ಹಾಕಿದ್ದರಿಂದ ಕಣ್ಣಿನ ನೀರು ಕೆಳಗಿಳಿಯದೆ ಕಿವಿಯ ಕಡೆಗೆ ಹರಿಯಿತು. ಈರುಳ್ಳಿ ಎಂದುಕೊಂಡಾರು. ಇಡೀ ಮೀನನ್ನು ತಿಂದಳು, ಮುಖ ಕಿವುಚದೆ, ಬಾಲದ ತನಕ.

"ಹೇಗಿದೆ ಮೇಡಂ?" ಅಮ್ಮನ ಮುಖದಲ್ಲಿ ಗೆದ್ದ ಸಂತೋಷವಿತ್ತು.

ಚೆನ್ನಾಗಿದೆ ಎಂದು ತಲೆಯಾಡಿಸಿದಳು.

ವೆನ್ಲೋದವನು ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಖುಷಿಯಿಂದ ಕೈ ಚಾಚಿದ. "ನನಗೂ ಇಂಥದ್ದೇ ಕೊಡಿ, ಅಮ್ಮ," ಎಂದ.